ಮಾಸ್ತರರ ಮೀನು

ನದಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ, ಉಪ್ಪುನೀರಿನಲ್ಲೇ ಬೇರೂರಿ ಬೆಳೆಯುವ ಕಾಂಡ್ಲಾ ಗಿಡಗಳ ಮರೆಯಲ್ಲಿ, ಗಾಳದ ಹವ್ಯಾಸಿಗಳು ಬಂದು ತಂಗುವ ಒಂದು ಲಾಡ್ಜು ಇತ್ತು. ಅಲ್ಲಿಗೆ ಬಂದವರನ್ನು ದೋಣಿಯಲ್ಲಿ ಮೀನಿನ ಹತ್ತಿರ ಕರೆದೊಯ್ಯುವ ಹಿರಿಯ ಅಂಬಿಗ ಜಟ್ಟಜ್ಜ.

ಎರೆಹುಳ ಚುಚ್ಚುವುದು ಅಲ್ಲಿಯ ಪದ್ಧತಿಯಲ್ಲ. ಹುಂಜದ ಗರಿಯನ್ನು ಕೊಕ್ಕೆಗೆ ಕಟ್ಟಿ ಪುಟ್ಟ ಸಿಗಡಿಯಂತೆ ಮಾಡಬೇಕು. ತೆಳ್ಳನೆಯ ಕೋಲಿನಿಂದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಆ ಗರಿಯನ್ನು ಸದ್ದಿಲ್ಲದೆ ನೀರಿಗಿಳಿಸಬೇಕು. ಮೊಣಕಾಲುದ್ದದ ಉಪ್ಪುನೀರಿನಲ್ಲಿ ಮೀನಿಗೆ ನೆರಳು ಕಂಡರೂ ಸಾಕು, ಓಡಿತು. ಸಿಕ್ಕಿದರೆ ಕಣ್ತುಂಬ ನೋಡಿ ನೀರಿಗೇ ಬಿಡಬೇಕು.

ಆ ವಿದ್ಯೆ ಕಲಿಯಲು ಶೇವಂತಿ ಜಟ್ಟಜ್ಜನ ಶಿಷ್ಯೆಯಾದಳು.

ಮೂವತ್ತರ ಹೆಂಗಸು. ಚಿಕ್ಕಂದಿನಿಂದ ಕಡಲ ನೀರು ಇಳಿತವಾಗುವ ಹೊತ್ತಿಗೆ ಕೆಸರಿಗಿಳಿದು ಬಳಚಿನ ಚಿಪ್ಪು ಹೆಕ್ಕಿದವಳು. ಎಲ್ಲಿ ಕಾಲು ಹೂತುಹೋಗುತ್ತದೆ, ಎಲ್ಲಿ ಮರಳು ಗಟ್ಟಿ ಎಂಬುದು ಅವಳ ಪಾದಕ್ಕೇ ಗೊತ್ತಿತ್ತು. ಎರಡು ವರ್ಷದಲ್ಲಿ ಉದ್ದನೆಯ ಬಿದಿರ ಗಳ ಹಾಕಿ ದೋಣಿ ನಡೆಸುವುದನ್ನೂ ಕಲಿತಳು, ದಾರ ಬೀಸುವುದನ್ನೂ ಕಲಿತಳು.

ಲಾಡ್ಜಿನ ಯಜಮಾನ ಶಾನಭಾಗರು ಒಂದು ದಿನ ಅವಳನ್ನು ಕರೆದರು. "ಈ ಸಲ ಒಬ್ಬ ಅತಿಥಿಯನ್ನು ನೀನೊಬ್ಬಳೇ ನೋಡಿಕೋ. ಅವರು ಖುಷಿಯಾಗಿ ಹೋದರೆ ಹೊಸ ದೋಣಿ ನಿನ್ನ ಕೈಗೆ."

ಆ ದಂಡೆಯಲ್ಲಿ ಅಲ್ಲಿಯವರೆಗೆ ಹೆಂಗಸಿನ ಕೈಗೆ ದೋಣಿ ಕೊಟ್ಟವರಿಲ್ಲ.

ಬಂದ ಅತಿಥಿ ಧಾರವಾಡದ ಜಾಧವ ಮಾಸ್ತರರು. ಜೀವಮಾನವಿಡೀ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಕಲಿಸಿದವರು. ಈಗ ಬಲಗೈ ನಡುಗುತ್ತಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

"ಕುಂಚ ಬಿಟ್ಟೆ ನೋಡವಾ," ಅಂದರು. "ಇದೊಂದು ಕೋಲು ಬಿಡಲಿಕ್ಕೆ ಮನಸ್ಸು ಬರವಲ್ದು. ಒಂದ ಒಂದು ಕುರುಡೆ ಮೀನು ಹಿಡೀಬೇಕು. ಮೂರು ವರ್ಷ ಆತು, ಸಿಕ್ಕಿಲ್ಲ."

ಕುರುಡೆ ಎಂದರೆ ಕಾಂಡ್ಲಾ ಬೇರಿನ ಸಂದಿಯಲ್ಲಿ ಹೊಂಚುವ ಮೀನು. ತೋಳುದ್ದ ಬೆಳೆಯುತ್ತದೆ. ಬೆಳ್ಳಿಯ ಮೈ, ದೊಡ್ಡ ಬಾಯಿ, ವಿಪರೀತ ಅನುಮಾನ.

ನಾಲ್ಕು ದಿನ ಮಾಸ್ತರರು ಗರಿ ಬೀಸಿದರು. ಒಮ್ಮೆ ಅದು ಗೇಣು ಹಿಂದೆ ಬಿತ್ತು. ಒಮ್ಮೆ ನೀರಿಗೆ ಛಟ್ಟೆಂದು ಹೊಡೆಯಿತು. ಒಮ್ಮೆ ಅವರ ಟೋಪಿಗೇ ಸಿಕ್ಕಿಕೊಂಡಿತು. ಸಂಜೆ ಮೆಟ್ಟಿಲು ಹತ್ತುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಐದನೆಯದು ಕೊನೆಯ ದಿನ. ನೀರು ಇಳಿಯುತ್ತಿತ್ತು. ಬೇರಿನ ಪಕ್ಕದಲ್ಲಿ ಎರಡು ಕುರುಡೆಗಳು ನಿಂತದ್ದು ಶೇವಂತಿಗೆ ಕಂಡಿತು.

ಮಾಸ್ತರರು ಅವಸರದಲ್ಲಿ ಬೀಸಿದರು. ದಾರ ಕೋಲಿಗೇ ಸುತ್ತಿಕೊಂಡಿತು.

"ಇಲ್ಲಿ ಕೊಡಿ ಮಾಸ್ತರೇ, ಸಿಕ್ಕು ಬಿಡಿಸಿ ಕೊಡ್ತೆ."

ಅವರು ಕೋಲು ಕೊಟ್ಟು, ಅತ್ತ ತಿರುಗಿ, ಕನ್ನಡಕ ಒರೆಸಿಕೊಳ್ಳತೊಡಗಿದರು. ಆ ಕನ್ನಡಕ ಒರೆಸಿ ಮುಗಿಯುವಷ್ಟರಲ್ಲಿ ಶೇವಂತಿ ಸಿಕ್ಕು ಬಿಡಿಸಿದಳು, ಒಂದೇ ಒಂದು ಸಲ ಬೀಸಿದಳು. ಗರಿ ಹೂವಿನ ಎಸಳಿನ ಹಾಗೆ ಇಳಿಯಿತು. ನೀರು ಬಾಯಿ ತೆರೆಯಿತು.

"ಮಾಸ್ತರೇ, ಹಿಡೀರಿ! ಗರಿ ನೀರಲ್ಲೇ ಬಿದ್ಕೊಂಡಿತ್ತು, ತಾನಾಗೇ ಬಂದು ಕಚ್ಚಿತು!"

ಅವರು ಹಿಡಿದರು. ಕೋಲು ಬಿಲ್ಲಾಯಿತು. ಕಾಲು ಗಂಟೆ ಎಳೆದಾಟವಾದ ಮೇಲೆ ಮೀನು ದೋಣಿಯ ಮಗ್ಗುಲಿಗೆ ಬಂತು. ಮಾಸ್ತರರು ಅದರ ಬೆನ್ನು ಸವರಿ, ನೀರಿಗೆ ಬಿಟ್ಟು, ಮಗುವಿನಂತೆ ಅತ್ತರು. ಶೇವಂತಿಯ ಕಣ್ಣೂ ಒದ್ದೆಯಾಯಿತು.

ಲಾಡ್ಜಿನಲ್ಲಿ ಅಂದು ಪಾಯಸ. ಶಾನಭಾಗರು ಎಲ್ಲರೆದುರು ಶೇವಂತಿಯನ್ನು ಹೊಗಳಿದರು.

ಜಟ್ಟಜ್ಜ ಜಗಲಿಯಲ್ಲಿ ಕೊಕ್ಕೆಗೆ ಗರಿ ಕಟ್ಟುತ್ತಿದ್ದ. ಶೇವಂತಿ ಗರಿ ಬೀಸಿದಾಗ ಅವನ ದೋಣಿಯೂ ಅಲ್ಲೇ ಹೊಳೆಯ ತಿರುವಿನಲ್ಲಿ, ಕಣ್ಣಳತೆಯಲ್ಲೇ ಇತ್ತು.

"ಅದು ಯಾರ ಮೀನು, ತಂಗೀ?"

"ಮಾಸ್ತರದ್ದು."

"ಹೌದಾ," ಅಂದ ಅಜ್ಜ, ತಲೆಯೆತ್ತದೆ.

ಮರುದಿನ ಬೆಳಗಿನ ಇಳಿತಕ್ಕೆ ಅಜ್ಜ ಅವಳನ್ನು ಕರೆದ. "ಬಾ, ಬಳಚು ಹೆಕ್ಕಿಕೊಂಡು ಬರುವ."

ಅಜ್ಜ ಬಳಚು ಹೆಕ್ಕಿದ್ದನ್ನು ಅವಳು ಎಂದೂ ಕಂಡವಳಲ್ಲ. ಆದರೂ ಬುಟ್ಟಿ ಹಿಡಿದು ಹೋದಳು.

ಅವಳು ಬಗ್ಗಿ ಕೆಸರಿಗೆ ಕೈ ಹಾಕಿದಳು. ಅಷ್ಟರಲ್ಲಿ ಅಜ್ಜ ತಾನು ಮೊದಲೇ ತುಂಬಿಸಿಕೊಂಡು ತಂದಿದ್ದ ಬುಟ್ಟಿಯಿಂದ ಒಂದು ಹಿಡಿ ಚಿಪ್ಪು ತೆಗೆದು ಅವಳ ಬುಟ್ಟಿಗೆ ಹಾಕಿದ.

ಅವಳು ನಕ್ಕಳು. ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ಬಗ್ಗಿದಳು. ಅಜ್ಜ ಹಿಂದೆಯೇ ಹೋಗಿ ಇನ್ನೊಂದು ಹಿಡಿ ಹಾಕಿದ.

ಮೂರನೆಯ ಸಲ, ನಾಲ್ಕನೆಯ ಸಲ. ಅವಳ ಕೈಗೆ ಇನ್ನೂ ಒಂದು ಚಿಪ್ಪೂ ಹತ್ತಿರಲಿಲ್ಲ, ಬುಟ್ಟಿ ಮಾತ್ರ ತುಂಬುತ್ತಾ ಬಂತು.

"ಬಿಡಿ ಅಜ್ಜಾ!" ಎಂದು ಅವಳು ರೇಗಿದಳು. "ನಂಗೇನು ಕೈ ಇಲ್ವಾ?"

ಅಜ್ಜ ಖಾಲಿಯಾದ ತನ್ನ ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೆ ಕುಳಿತ.

ಶೇವಂತಿ ತಾನು ಹೆಕ್ಕದ ಚಿಪ್ಪು ತುಂಬಿದ ತನ್ನ ಬುಟ್ಟಿಯನ್ನು ನೋಡಿದಳು. ಆಮೇಲೆ ಕಾಲನ್ನೂ ತೊಳೆಯದೆ ಲಾಡ್ಜಿನ ಕಡೆ ಓಡಿದಳು.

ಮಾಸ್ತರರು ಕಾರು ಹತ್ತುವುದರಲ್ಲಿದ್ದರು. ಡ್ರೈವರನಿಗೆ ಮೊಬೈಲಿನಲ್ಲಿ ಮೀನಿನ ಫೋಟೋ ತೋರಿಸುತ್ತಿದ್ದರು.

"ಮಾಸ್ತರೇ, ನಿನ್ನೆ ಗರಿ ಬೀಸಿದ್ದು ನಾನು. ಮೀನು ಕಚ್ಚಿದ ಮೇಲೆ ಕೋಲನ್ನು ನಿಮ್ಮ ಕೈಗೆ ಕೊಟ್ಟೆ. ತಾನಾಗೇ ಕಚ್ಚಿತು ಅಂದದ್ದು ಸುಳ್ಳು."

ಅವರು ಡ್ರೈವರನ ಮುಂದಿನಿಂದ ಮೊಬೈಲನ್ನು ಹಿಂದಕ್ಕೆ ತೆಗೆದುಕೊಂಡರು.

"ಹೇಳದಿದ್ರ ಏನಾಗ್ತಿತ್ತವಾ?"

ಮಾಸ್ತರರು ಮೊಬೈಲನ್ನು ಕಿಸೆಗೆ ಹಾಕಿಕೊಂಡರು, ಕಾರು ಹತ್ತಿ ಗಾಜು ಏರಿಸಿದರು. ಕಾರು ಹೋಯಿತು.

"ಬಾಯಿ ಮುಚ್ಕೊಂಡಿರಲಿಕ್ಕೆ ಏನಾಗಿತ್ತು ನಿಂಗೆ?" ಎಂದರು ಶಾನಭಾಗರು. ಹೊಸ ದೋಣಿ ಬೇರೆಯವನ ಕೈಗೆ ಹೋಯಿತು.

ಶೇವಂತಿ ಅಜ್ಜನ ಮುಂದೆ ಬಂದು ನಿಂತಳು. "ನಿಮ್ಮ ಮಾತು ಕಟ್ಕೊಂಡು ಹೋಗಿ ಹೇಳಿದೆ. ದೋಣಿಯೂ ಹೋಯ್ತು, ಅವರ ಖುಷಿಯೂ ಹೋಯ್ತು."

"ನಾ ಏನು ಹೇಳಿದೆ ಮಾರಾಯ್ತಿ? ಬಳಚು ಹೆಕ್ಕಿದೆ, ಅಷ್ಟೆ."

"ಈಗ ನಾ ಏನು ಮಾಡಲಿ?"

"ನನ್ನ ದೋಣಿಯಲ್ಲಿ ನೀರು ತುಂಬಿದೆ. ತೋಡಿ ಹಾಕು."

ಅವಳು ತೋಡಿದಳು. ಆ ಮಳೆಗಾಲ ಕಳೆಯಿತು. ಬೇರೆಯವರ ದೋಣಿ ತೊಳೆದಳು, ಬೇರೆಯವರ ಅತಿಥಿಗಳಿಗೆ ಗರಿ ಕಟ್ಟಿಕೊಟ್ಟಳು. ಒಮ್ಮೊಮ್ಮೆ ಗಾಜು ಏರಿಸಿದ ಆ ಮುಖ ನೆನಪಾಗಿ ಕೈ ನಿಲ್ಲುತ್ತಿತ್ತು.

ಮರುವರ್ಷ ಧಾರವಾಡದಿಂದ ಫೋನು ಬಂತು. ಮಾಸ್ತರರು ಬರುತ್ತಾರಂತೆ. ದೋಣಿ ಯಾವುದಾದರೂ ಆಗಲಿ, ಗಳ ಮಾತ್ರ ಶೇವಂತಿಯೇ ಹಾಕಬೇಕಂತೆ.

ಅವರ ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು. ದೋಣಿ ಹತ್ತಿ ಕುಳಿತು ಹೇಳಿದರು: "ಈ ಸಲ ನನ್ನ ಕೋಲು ಮುಟ್ಟಬ್ಯಾಡ."

"ಇಲ್ಲ ಮಾಸ್ತರೇ."

"ಸಿಕ್ಕಾದರೂ?"

"ಸಿಕ್ಕಾದರೂ."

ಸಿಕ್ಕಾಯಿತು. ಅದನ್ನು ಬಿಡಿಸಲು ಅವರಿಗೆ ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ದೋಣಿಯಿಂದ ಮಾರು ದೂರದಲ್ಲಿ ಕುರುಡೆಗಳು ಒಂದರ ಹಿಂದೊಂದು ಹಾದುಹೋದವು. ಶೇವಂತಿ ತುಟಿ ಕಚ್ಚಿ, ಎರಡೂ ಕೈಯಲ್ಲಿ ಗಳವನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಅಜ್ಜ ಕಲಿಸಿದ್ದರಲ್ಲಿ ಇಷ್ಟು ಕಷ್ಟದ್ದು ಇನ್ನೊಂದಿರಲಿಲ್ಲ.

ಮೂರು ದಿನ ಹೀಗೇ ಹೋಯಿತು.

ನಾಲ್ಕನೆಯ ದಿನ ಮಾಸ್ತರರು ಬೀಸಿದ ಗರಿ ಬೇರಿನ ಅಂಚಿಗೆ, ಬೇಕಾದ ಕಡೆಗೇ ಇಳಿಯಿತು. ನೀರಿನಡಿಯಲ್ಲಿ ಬೆಳ್ಳಿ ಹೊರಳಿತು. ಮೀನು ಕಚ್ಚಿತು.

"ಬಂತು! ಬಂತವಾ!"

ಮೀನು ಬೇರಿನ ಕಡೆ ಧಾವಿಸಿತು. ಸ್ವಲ್ಪ ದಾರ ಬಿಡಬೇಕಿತ್ತು. ಮಾಸ್ತರರು ಗಾಬರಿಯಲ್ಲಿ ಬಿಗಿದು ಹಿಡಿದರು. ದಾರ ಪಟ್ಟೆಂದು ತುಂಡಾಯಿತು.

ನೀರು ಮತ್ತೆ ತಿಳಿಯಾಯಿತು. ಶೇವಂತಿಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಮಾಸ್ತರರು ದೋಣಿಯ ಹಲಗೆಯ ಮೇಲೆ ಕುಸಿದು ಕುಳಿತರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕರು.

ಮಧ್ಯಾಹ್ನ ಊಟಕ್ಕೆ ಕುಳಿತವರಿಗೆಲ್ಲ ಅದೇ ಕಥೆ. ಅಡುಗೆಯವನಿಗೊಮ್ಮೆ, ಶಾನಭಾಗರಿಗೊಮ್ಮೆ, ಪಕ್ಕದ ಕೋಣೆಯವರಿಗೊಮ್ಮೆ. ಪ್ರತಿ ಸಲವೂ ಮೀನು ಒಂದೊಂದು ಗೇಣು ಉದ್ದವಾಯಿತು. ಹೊಸ ದೋಣಿಯ ಮಾತನ್ನು ಯಾರೂ ಎತ್ತಲಿಲ್ಲ. ಶೇವಂತಿಯೂ ಎತ್ತಲಿಲ್ಲ.

ಊಟವಾದ ಮೇಲೆ ಅವಳು ದಂಡೆಗೆ ಬಂದಳು. ಜಟ್ಟಜ್ಜ ದೋಣಿಯ ನೆರಳಿನಲ್ಲಿ ಕಾಲು ಚಾಚಿ ಕುಳಿತಿದ್ದ.

"ಅಜ್ಜಾ, ಹೋದ ವರ್ಷ ಮೀನು ಕೈಗೆ ಸಿಕ್ಕಿತ್ತು. ಆದರೂ ನಿಜ ತಿಳಿದ ಕೂಡಲೇ ಆ ಖುಷಿ ಮಣ್ಣಾಯ್ತು. ಈ ವರ್ಷ ಮೀನು ಕಳಕೊಂಡು ಬಂದಿದ್ದಾರೆ, ಹಬ್ಬದ ಹಾಗೆ ನಗ್ತಿದ್ದಾರೆ. ಇದೆಂಥದು?"

ಅಜ್ಜ ನೀರಿನ ಕಡೆ ನೋಡಿದ.

"ಕಳಕೊಳ್ಳಬೇಕಾದರೆ ಮೊದಲು ಅದು ತನ್ನದಾಗಬೇಕಲ್ಲ, ತಂಗೀ."