ಮೋಟಾರಿನ ಬಾಣಂತನ

“ಗುರುಗಳೇ, ಮಗಳನ್ನು ಇನ್ನೂ ಹೇಗೆ ಕಾಯಲಿ?” ಎಂದು ಕರಿಬಸಪ್ಪ ಕೇಳಿದ.

ಹೆಂಡತಿ ಜ್ವರ ಬಂದು ತೀರಿಕೊಂಡಾಗಿನಿಂದ ಅವನು ಮಗಳನ್ನು ಕಾಲೇಜಿಗೆ ತಾನೇ ಬಿಟ್ಟು ತಾನೇ ಕರೆತರುತ್ತಿದ್ದ. ಗೆಳತಿಯರ ಮನೆಗೂ ಕಳಿಸುತ್ತಿರಲಿಲ್ಲ. ಈಗ ಅವಳು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಮಾತಂತೂ ನಿಂತೇಹೋಗಿತ್ತು. ಅವಳೂ ಕೈತಪ್ಪಿ ಹೋದಾಳೆಂದು ಅವನಿಗೆ ವಿಪರೀತ ಹೆದರಿಕೆ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗೃಹಸ್ಥನ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಆ ಊರಿನಲ್ಲಿ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬಂದ ನೀರು ನೆಲದೊಳಗಿನ ಸಂಪು ತೊಟ್ಟಿಗೆ ಬೀಳುತ್ತಿತ್ತು. ಅಲ್ಲಿಂದ ಮಾಳಿಗೆಯ ಟ್ಯಾಂಕಿಗೆ ಏರಿಸುವುದು ಅಂಗಳದ ಮೋಟಾರು. ತಾಯಿಗೂ ಮಗುವಿಗೂ ದಿನಾ ಎರೆಯಬೇಕು, ರಾಶಿ ಬಟ್ಟೆ ಒಗೆಯಬೇಕು. ಮೋಟಾರು ನಿಂತರೆ ಮನೆಯೇ ನಿಂತಂತೆ.

ಒಂದು ಮಳೆಗೆ ಮೋಟಾರು ನೆನೆದು, ಒಳಗೆ ತಂತಿ ಸುತ್ತಿದ ಕಾಯಿಲು ಸುಟ್ಟುಹೋಯಿತು. ರಿಪೇರಿಯವನು ಹೊಸ ಕಾಯಿಲು ಕಟ್ಟಿಕೊಟ್ಟ. ಗೃಹಸ್ಥನ ಜೀವ ತಡೆಯಲಿಲ್ಲ. ಗೊಬ್ಬರದ ಚೀಲ ಹೊದಿಸಿ ಹಗ್ಗ ಬಿಗಿದ. ಹದಿನೈದು ದಿನಕ್ಕೆ ಮತ್ತೆ ಸುಟ್ಟುಹೋಯಿತು. ಮತ್ತೆ ರಿಪೇರಿ. ಈ ಸಲ ಚೀಲದ ಮೇಲೆ ಚುನಾವಣೆಯಲ್ಲಿ ಉಳಿದ ಫ್ಲೆಕ್ಸನ್ನೂ ಸುತ್ತಿದ. ಒಳಗೆ ಮಗಳಿಗೆ ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಹೊರಗೆ ಮೋಟಾರಿಗೂ ಅದೇ ಆರೈಕೆ. ಮನೆಯಲ್ಲಿ ಬಾಣಂತಿಯರು ಇಬ್ಬರಾದರು.

ಆದರೂ ಅವನಿಗೆ ನೆಮ್ಮದಿಯಿಲ್ಲ. ಮೋಡ ಕಂಡರೆ ಅಂಗಳಕ್ಕೆ ಓಡಿ ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುವನು. ಉಣ್ಣುವಾಗಲೂ ಕಿವಿ ಮೋಟಾರಿನ ಸದ್ದಿನ ಮೇಲೆಯೇ. ಒಂದು ಬೆಳಿಗ್ಗೆ ಬಚ್ಚಲಿನ ನಲ್ಲಿ ಮುಟ್ಟಿದ ಹೆಂಡತಿ ಚೀರಿದಳು. ಕರೆಂಟು ಜುಮ್ಮೆಂದು ಹೊಡೆದಿತ್ತು. ಇನ್ನೇನು ಅಲ್ಲಿ ಎರೆಸಿಕೊಳ್ಳಲು ಕೂರಬೇಕಾದವಳು ಮಗಳು. ಗೃಹಸ್ಥ ರಿಪೇರಿಯವನಿಗೆ ಫೋನು ಮಾಡಿದ.

ರಿಪೇರಿಯವನು ಓಡಿಬಂದು ಮೊದಲು ಮೇನ್ ಸ್ವಿಚ್ಚು ಆರಿಸಿದ. ಹಗ್ಗ ಬಿಚ್ಚಿ ಚೀಲದೊಳಗೆ ಕೈಯಾಡಿಸಿದ. ಅಂಗೈ ಒದ್ದೆಯಾಯಿತು.

“ಮಳೆ ಬಂದು ಎಷ್ಟು ದಿನ ಆಯ್ತು ಯಜಮಾನ್ರೇ?”

“ತಿಂಗಳಾಯ್ತಪ್ಪ. ಒಂದು ಹನಿ ಒಳಗೆ ಹೋಗದಂಗೆ ಕಟ್ಟಿದೀನಿ. ಇನ್ನೂ ದಪ್ಪಂದು ತರಲಾ?”

“ನೀರು ಒಳಗೆ ಹೋಗದಂಗೆ ಕಟ್ಟಿದೀರ, ಸರಿ. ಒಳಗಿನ ತೇವ ಹೊರಗೆ ಬರೋದೆಲ್ಲಿಂದ? ಓಡಿದಾಗ ಮೋಟಾರು ಕಾಯುತ್ತೆ, ನಿಂತಾಗ ಆರುತ್ತೆ. ಅಲ್ಲೇ ಬೆವರಿ ಬೆವರಿ ಕಾಯಿಲಿಗೆ ತೇವ ಹಿಡಿದು, ಅದರ ಮೈಗೆಲ್ಲಾ, ಅಲ್ಲಿಂದ ಪೈಪಿಗೂ ಕರೆಂಟು ಇಳಿದಿದೆ. ಮೇಲೊಂದು ತಗಡು ಸಾಕು. ಸುತ್ತ ಗಾಳಿ ಆಡಲಿ ಬಿಡಿ.”

ಅವನು ಮೋಟಾರನ್ನು ಸರಿಮಾಡಿ, ನಾಲ್ಕು ಗೂಟದ ಮೇಲೆ ತಗಡು ಹೊಡೆದು ಹೋದ. ಮರುದಿನ ಬೆಳಿಗ್ಗೆಯೇ ಮೋಡ ಕವಿಯಿತು. ಗೃಹಸ್ಥ ಅಂಗಳಕ್ಕೆ ಓಡಿದ. ಮೋಟಾರು ಬರಿಮೈಯಲ್ಲಿತ್ತು. ಬಚ್ಚಲಿನಲ್ಲಿ ಹಂಡೆಗೆ ಉರಿ ಹಾಕಿದ್ದರು. ಮಗಳು ಎದ್ದು ಬರುವ ಹೊತ್ತಾಗಿತ್ತು. ಹೊದಿಸಿದರೆ ಕರೆಂಟಿನ ಭಯ, ಬಿಟ್ಟರೆ ಮಳೆಯ ಭಯ. ಫ್ಲೆಕ್ಸು ಹಿಡಿದು ಮೋಟಾರಿನ ಮುಂದೆ ನಿಂತ. ತಗಡಿನ ಮೇಲೆ ಮೊದಲ ಹನಿ ಬಿತ್ತು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಕರಿಬಸಪ್ಪನಿಗೆ ತಡೆಯಲಾಗಲಿಲ್ಲ. “ಹೊದಿಸಿದನೋ, ಬಿಟ್ಟನೋ, ಗುರುಗಳೇ?”

“ಫ್ಲೆಕ್ಸು ಈಗ ನಿನ್ನ ಕೈಯಲ್ಲಿದೆ. ಹೊದಿಸಿದೆಯೋ, ಬಿಟ್ಟೆಯೋ ಎಂಬುದನ್ನು ನಿನ್ನ ಮಗಳು ಹೇಳಬೇಕು” ಎಂದರು ಗುರುಗಳು.