ಬೈರಿಗೆ ಓಬಯ್ಯನೂ ಹಾಲಮ್ಮನ ಗಡಿಗೆಯೂ

ಹತ್ತಿರ ಬಂದು ಕೂತುಕೊಳ್ಳಿ, ಕೂಗಿ ಹೇಳುವ ಶಕ್ತಿ ನನಗಿಲ್ಲ. ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಾರದ ಕಾಲಕ್ಕೆ, ಇದೇ ಮಗ್ಗದಹಟ್ಟಿಯಲ್ಲಿ ಬೈರಿಗೆ ಓಬಯ್ಯ ಅಂತ ಒಬ್ಬನಿದ್ದನಂತೆ. ಬಂಡಿಯ ಗಾಲಿಗೆ ಅಚ್ಚು ಕೂರುವ ತೂತನ್ನು ಬೈರಿಗೆಯಿಂದ ಕೊರೆಯುವುದು ಅವನ ಕಸುಬು. ಅವನು ಕೊರೆದ ತೂತಿಗೆ ಕಣ್ಣಿಟ್ಟರೆ ಮುಂದಿನ ವರ್ಷದ ಮಳೆ ಕಾಣುತ್ತಿತ್ತು ಅನ್ನುವವರಿದ್ದಾರೆ. ನಾನು ಅಷ್ಟೆಲ್ಲ ಹೇಳುವವಳಲ್ಲ. ತೂತು ನೆಟ್ಟಗಿರುತ್ತಿತ್ತಂತೆ, ಅಷ್ಟು ಸಾಕು.

ಆಗ ಊರಿಗೆ ಎರಡೇ ಕೇರಿ. ಮೇಲೆ ನೇಕಾರರ ಕೇರಿ, ಅದರ ನೆತ್ತಿಯಲ್ಲಿ ಎಂದೂ ಬತ್ತದ ಒಂದು ಒರತೆ. ಕೆಳಗೆ ನಮ್ಮ ಕೇರಿ, ಎಲ್ಲಿ ಬಾವಿ ತೋಡಿದರೂ ಬಂಡೆ. ನೇಕಾರರು ಮಗ್ಗಕ್ಕೆ ಏರಿಸುವ ನೂಲನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಸವರಿ ಒಣಗಿಸುತ್ತಿದ್ದರು. ಬೆಳಗಾದರೆ ಬೀದಿ ತುಂಬ ನೂಲೇ ನೂಲು. ಕೊಡ ಹೊತ್ತವರು ಅಲ್ಲಿ ಕಾಲಿಡುವಂತಿರಲಿಲ್ಲ. ಊರ ಹಿಂದಿನ ಜಾರುದಿಬ್ಬ ಹತ್ತಿ ಇಳಿದು ನೀರು ತರಬೇಕಿತ್ತಂತೆ. ಓಬಯ್ಯನ ಹೆಂಡತಿ ಹಾಲಮ್ಮ ಆ ದಿಬ್ಬದಲ್ಲೇ ಜಾರಿ ಬಿದ್ದು ಮೊದಲ ಬಸಿರು ಕಳೆದುಕೊಂಡಿದ್ದಳು. ಈಗ ಮತ್ತೆ ನಾಲ್ಕು ತಿಂಗಳು. ಓಬಯ್ಯನಿಗೆ ಕೊಡ ಕಂಡರೂ ಭಯ, ದಿಬ್ಬ ಕಂಡರೂ ಭಯ.

ಅವನೇ ಹೊರಬಹುದಿತ್ತಲ್ಲ ಅಂತೀರಾ? ಹೊತ್ತನಂತೆ, ಎರಡು ದಿನ. ಮೂರನೆಯ ದಿನ ಬೇರೆ ದಾರಿ ಯೋಚಿಸಿದ. ಗಂಡಸರ ಬುದ್ಧಿ ಚುರುಕಾಗುವುದು ಕೊಡ ತಲೆಗೇರಿದ ಮೇಲೆಯೇ.

ಒರತೆಯಿಂದ ಕೆಳಗೇರಿಗೆ ಮಣ್ಣಿನ ಕೊಳವೆ ಹೂಳೋಣ ಅಂತ ಅವನು ಊರ ಕಟ್ಟೆಯಲ್ಲಿ ಕೇಳಿದ. ಬೀದಿ ಅಗೆದರೆ ಧೂಳು, ಧೂಳು ಕೂತರೆ ನೂಲು ಹಾಳು, ಒಂದು ಗುದ್ದಲಿ ಏಟೂ ಬೀಳಕೂಡದು ಅಂದರಂತೆ ನೇಕಾರರು. ಅಗೆಯುವುದೇ ಇಲ್ಲ, ಕೆಳಗಿನಿಂದ ನೆಲದೊಳಗೇ ಕೊರೆದುಕೊಂಡು ಹೋಗುತ್ತೇನೆ ಅಂದನಂತೆ ಓಬಯ್ಯ. ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಊರಗೌಡ ರುದ್ರಣ್ಣ ಮಾತ್ರ ನಗಲಿಲ್ಲ. ಯಾರದೇ ಒಂದು ವಸ್ತುವಿಗೆ ಊನವಾದರೂ ಕೆಲಸ ನಿಲ್ಲಿಸಿ, ಹೆಂಡತಿಯನ್ನೂ ಬೈರಿಗೆಯನ್ನೂ ಕಟ್ಟಿಕೊಂಡು ಊರು ಬಿಡಬೇಕು ಅಂತ ಮಾತು ತೆಗೆದುಕೊಂಡ. ಓಬಯ್ಯ ಒಪ್ಪಿದ. ಒಪ್ಪಿ, ಬೈರಿಗೆ ತಿರುಗಿಸುವವರ ಹೊಟ್ಟೆಗೆ ನಾಲ್ಕು ಚೀಲ ಜೋಳ ಕೊಡಿ ಅಂತ ಗೌಡನನ್ನೇ ಕೇಳಿದ. ನೇಕಾರರ ಬೀದಿಯ ಪಕ್ಕದಲ್ಲೇ ಇದ್ದ ಗೌಡನ ಅಂಗಳದ ಕೆಳಗೆ ಕಾಳು ತುಂಬಿಡುವ ದೊಡ್ಡ ಹಗೇವು ಇರುವುದು ಊರಿಗೆಲ್ಲ ಗೊತ್ತಿತ್ತು. ಗೌಡ ಎದ್ದು ನಿಂತು ಗುಡಿಯ ಕಡೆ ಕೈ ಮಾಡಿ ಆಣೆಯಿಟ್ಟು, "ನನ್ನ ಹಗೇವು ಬರಿದಾಗಿ ಎಲ್ಡು ವರ್ಸ ಆತು. ಅದ್ರಾಗೆ ಕತ್ಲೆ ಬಿಟ್ರೆ ಏನೂ ಇಲ್ಲ" ಅಂದನಂತೆ. ಈ ಮಾತು ನೆನಪಿಟ್ಟುಕೊಳ್ಳಿ.

ಓಬಯ್ಯ ಕಮ್ಮಾರನಿಂದ ತೊಡೆಗಾತ್ರದ ಬೈರಿಗೆ ಮಾಡಿಸಿದ. ಸಲಾಕೆಗೆ ಸಲಾಕೆ ಸಿಕ್ಕಿಸುತ್ತ ಹೋದರೆ ಎಷ್ಟು ಬೇಕೋ ಅಷ್ಟು ಉದ್ದ. ಅದರ ಮೂತಿ ಒಂದು ಕಡೆ ಓರೆ. ತಿರುಗಿಸುತ್ತ ತಳ್ಳಿದರೆ ನೆಟ್ಟಗೆ ಹೋಗುತ್ತೆ, ತಿರುಗಿಸದೆ ತಳ್ಳಿದರೆ ಓರೆಯ ಕಡೆಗೆ ವಾಲುತ್ತೆ. ಎಲ್ಲಾ ಸರಿ, ನೆಲದೊಳಗೆ ಹೋದ ಮೂತಿ ಎಲ್ಲಿದೆ ಅಂತ ತಿಳಿಯುವುದು ಹೇಗೆ? ಅದಕ್ಕೇ ಹಾಲಮ್ಮ ಬೇಕಾಗಿದ್ದು. ಅವಳು ಬೀದಿಯಲ್ಲಿ ನೂಲಿನ ಕೆಳಗೆ ನುಸುಳಿ, ಗಡಿಗೆ ಬೋರಲು ಹಾಕಿ, ಅದರ ತಳಕ್ಕೆ ಕಿವಿ ಕೊಟ್ಟು, ಕರಕರ ಸದ್ದಿನಿಂದಲೇ ಮೂತಿ ಇರುವ ಜಾಗ ಹಿಡಿಯುತ್ತಿದ್ದಳಂತೆ. ಎಡಕ್ಕೆ ಬಾ ಅನ್ನಲು ಹಿಮ್ಮಡಿಯಿಂದ ನೆಲಕ್ಕೆ ಒಂದು ಗುದ್ದು, ಬಲಕ್ಕೆ ಅನ್ನಲು ಎರಡು. ಓಬಯ್ಯ ಕೆಳಗೇರಿಯ ಗುಂಡಿಯಲ್ಲಿ ನಿಂತು, ಸಲಾಕೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಆ ಗುದ್ದು ತಿಳಿಯುತ್ತಿದ್ದನಂತೆ. ಅವನ ಮುಂದಿನ ಎರಡು ಹಲ್ಲು ಹೋದದ್ದು ಹಾಗೆ. ಹನ್ನೆರಡು ದಿನ ಕೊರೆದರು. ಮೇಲೆ ಒಂದು ಎಳೆ ನೂಲೂ ಅಲುಗಲಿಲ್ಲ.

ಹದಿಮೂರನೆಯ ದಿನ ಓಬಯ್ಯ ಊಟಕ್ಕೆ ಕೂತ. ಹಾಲಮ್ಮನದು ಬಸುರಿ ನಾಲಿಗೆ, ಚಿಟಿಕೆ ಉಪ್ಪೂ ಹಿಡಿ ಉಪ್ಪಿನಂತೆ ಅನಿಸುವ ಸಮಯ. ಸಾರಿಗೆ ಉಪ್ಪು ಕಮ್ಮಿಯಾಗಿತ್ತು. ಸುಮ್ಮನೆ ಉಂಡು ಏಳಬೇಕೋ ಬೇಡವೋ? "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಅಂತಾರೆ. ನಮ್ಮವ್ವ ಇದ್ದಾಗ ಎಲ್ಡೂ ಇದ್ವು" ಅಂದುಬಿಟ್ಟನಂತೆ.

ಹಾಲಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ, ಇದು ಉಣ್ಣುವಾಗಲೇ ಹುಟ್ಟಿದ ಜಗಳ, ಮಲಗಿದರೂ ಮುಗಿಯಲಿಲ್ಲ. ಮರುದಿನ ಅವಳು ಗಡಿಗೆ ಹಿಡಿದು ಬೀದಿಗೆ ಹೋದಳು, ಬೋರಲು ಹಾಕಿದಳು, ಪಕ್ಕದಲ್ಲಿ ಕೂತಳು. ಕಿವಿ ಇಡಲಿಲ್ಲ, ಹಿಮ್ಮಡಿ ಎತ್ತಲಿಲ್ಲ. ಗುದ್ದು ಬರಲಿಲ್ಲ ಅಂದರೆ ದಾರಿ ನೆಟ್ಟಗಿದೆ ಅಂತ ಓಬಯ್ಯ ತಳ್ಳಿದ್ದೇ ತಳ್ಳಿದ್ದು. ಹೆಂಡತಿ ಸುಮ್ಮನಿದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳುವವರು ಈ ಊರಲ್ಲಿ ಇನ್ನೂ ಇದ್ದಾರೆ, ಹೆಸರು ಹೇಳಲ್ಲ.

ಮಧ್ಯಾಹ್ನದ ಹೊತ್ತಿಗೆ ಬೈರಿಗೆ ಯಾವುದೋ ಸಡಿಲಕ್ಕೆ ನುಗ್ಗಿದಂತಾಯಿತು. ಹಿಂದಕ್ಕೆ ಎಳೆದರೆ ಮಣ್ಣು ಬರಲಿಲ್ಲ. ಜೋಳ ಬಂತಂತೆ. ಮೊದಲು ಒಂದು ಹಿಡಿ, ಆಮೇಲೆ ಒಂದು ಮೊರ, ಆಮೇಲೆ ಸುರಿದದ್ದೇ ಸುರಿದದ್ದು, ಮುತ್ತಿನಂಥ ಬಿಳಿಜೋಳ. ಓಬಯ್ಯ ಮೊಣಕಾಲ ತನಕ ಜೋಳದಲ್ಲಿ ಹೂತು ನಿಂತನಂತೆ. ಕುತ್ತಿಗೆ ತನಕ ಅನ್ನುವವರೂ ಇದ್ದಾರೆ. ಬೈರಿಗೆ ದಾರಿ ತಪ್ಪಿ ಗೌಡನ ಹಗೇವಿನ ಹೊಟ್ಟೆಗೆ ತೂತು ಹಾಕಿತ್ತು.

ಊರೆಲ್ಲ ಗುಂಡಿಯ ಸುತ್ತ ಸೇರಿತು, ಗೌಡನೂ ಓಡಿ ಬಂದ. ಹಾಲಮ್ಮನೂ ಗಡಿಗೆ ಬಿಟ್ಟು ಬಂದಳು. ತನ್ನ ಸಿಟ್ಟಿನಿಂದ ಗಂಡ ಮಾತಿಗೆ ಸಿಕ್ಕಿಬಿದ್ದ, ಇನ್ನು ಬಸಿರು ಹೊತ್ತು ಯಾವ ಊರಿಗೆ ಹೋಗುವುದು, ಅಲ್ಲಿ ಎಂಥ ದಿಬ್ಬವೋ ಅಂತ ಅಳು ಬಂತಂತೆ. ಓಬಯ್ಯ ತಪ್ಪಾಯಿತು ಅನ್ನಲು ಬಾಯಿ ತೆಗೆದ. ಅಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡು ಮುಂದೆ ಬಂದು, "ಗೌಡ್ರೇ, ಈ ಜೋಳ ನಿಮ್ದು ಅಂತ ಒಂದ್ ಮಾತು ಹೇಳಿ, ನಾವು ಈಗ್ಲೇ ಊರು ಬಿಡ್ತೀವಿ" ಅಂದಳಂತೆ.

ಗೌಡ ಜೋಳ ನೋಡಿದ. ಜನರನ್ನು ನೋಡಿದ. ತಾನು ಕೈ ಮಾಡಿದ್ದ ಗುಡಿಯ ಕಡೆಗೂ ನೋಡಿದ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ "ನಂದಲ್ಲ" ಅಂದನಂತೆ.

ಹಾಗಾದರೆ ಯಾರ ವಸ್ತುವಿಗೂ ಊನವಾಗಿಲ್ಲ, ಇದು ಭೂಮಿತಾಯಿ ಕೊಟ್ಟದ್ದು ಅಂತ ಕಟ್ಟೆಯ ಹಿರಿಯರು ತೀರ್ಮಾನ ಮಾಡಿದರು. ಕೆಲಸ ಮುಗಿಯುವ ತನಕ ಎರಡೂ ಕೇರಿಯವರು ಅದೇ ಜೋಳದ ರೊಟ್ಟಿ ತಿಂದರಂತೆ. ಗೌಡನೂ ದಿನಾ ಬಂದು ತಿಂದ, ಎಲ್ಲರಿಗಿಂತ ಎರಡು ಹೆಚ್ಚೇ ತಿಂದ.

ಜೋಳ ಸುರಿದ ದಿನ ರಾತ್ರಿ ಹಾಲಮ್ಮ ಬೇಕಂತಲೇ ಉಪ್ಪು ಹಾಕದ ಸಾರು ಬಡಿಸಿದಳಂತೆ. ಓಬಯ್ಯ ಮೂರು ಸಲ ಹಾಕಿಸಿಕೊಂಡು ಉಂಡು, "ಉಪ್ಪು ಹದವಾಗೈತೆ" ಅಂದ. ಮರುದಿನ ಬೀದಿಯಲ್ಲಿ ಹಿಮ್ಮಡಿಯ ಸದ್ದು ಕೇಳಿತು. ತಪ್ಪಿದ ದಾರಿಗೆ ಜೇಡಿಮಣ್ಣು ತುರುಕಿ, ಮೂತಿ ತಿರುಗಿಸಿ, ಆರೇ ದಿನಕ್ಕೆ ಓಬಯ್ಯನ ಬೈರಿಗೆ ಒರತೆಯ ಪಕ್ಕದಲ್ಲಿ ತಲೆಯೆತ್ತಿತು. ಕುಂಬಾರರ ಕೊಳವೆಗಳನ್ನು ಒಂದರ ಹಿಂದೊಂದು ಒಳಗೆ ತಳ್ಳಿದರು. ನೀರು ಬಂತು. ಹಾಲಮ್ಮ ಮತ್ತೆ ದಿಬ್ಬ ಹತ್ತಲಿಲ್ಲ, ತಿಂಗಳು ತುಂಬಿ ಹೆಣ್ಣುಮಗು ಹೆತ್ತಳು. ಆ ಮಗಳ ಸಂತಾನವೇ ನಾವು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಕೆಳಗೇರಿಯ ಅಜ್ಜಿಯರೆಲ್ಲ ಹಾಗೇ ಹೇಳುತ್ತಾರೆ ಅನ್ನಿ.

ಅಂದಿನಿಂದ ಈ ಊರಿನ ನೆಲಕ್ಕೆ ಯಾರೇ ಕೈ ಹಾಕಲಿ, ಮೊದಲು ಅವರಿಗೆ ಉಪ್ಪಿಲ್ಲದ ಸಾರು ಬಡಿಸುವುದು ಪದ್ಧತಿ. ಹೋದ ವರ್ಷ ಒಳಚರಂಡಿ ಪೈಪು ಹಾಕಲು ಮಷೀನು ಬಂತಲ್ಲ, ರಸ್ತೆ ಅಗೆಯದೆ ಕೊರೆಯುವುದು? ಒಬ್ಬ ಎಂಜಿನಿಯರು ರಸ್ತೆ ಮೇಲೆ, ನೆಲದೊಳಗಿನ ಮೂತಿ ಎಲ್ಲಿದೆ ಅಂತ ತಿಳಿಸುವ ಹಳದಿ ಡಬ್ಬಿ ಹಿಡಿದು, ಎಡಕ್ಕೆ ಬಲಕ್ಕೆ ಅಂತ ಫೋನಿನಲ್ಲಿ ಹೇಳುತ್ತ ನಡೆಯುತ್ತಿದ್ದ. ಹಾಲಮ್ಮನ ಗಡಿಗೆಗೆ ಬಣ್ಣ ಹಚ್ಚಿದ್ದಾರೆ ಅಂತ ನಾವೆಲ್ಲ ನಕ್ಕೆವು. ಅವನನ್ನೂ ಕರೆದು ಸಾರು ಬಡಿಸಿದೆ. ಓದಿದವನು, ಇದ್ದದ್ದು ಇದ್ದಹಾಗೆ ಹೇಳಿದ: "ಅಜ್ಜಿ, ಉಪ್ಪೇ ಇಲ್ಲ." ಮರುದಿನ ಪೈಪು ಗೌಡರ ಮನೆ ಬಚ್ಚಲಲ್ಲಿ ಎದ್ದಿತು. ಆ ಸಂಜೆ ತಾನಾಗಿಯೇ ಬಂದು ಕೂತ, ಮೂರು ಸಲ ಹಾಕಿಸಿಕೊಂಡ, ಹದವಾಗಿದೆ ಅಂದ. ಆಮೇಲೆ ಒಂದು ಗೇಣೂ ತಪ್ಪಲಿಲ್ಲ.

ಸರಿ, ಏಳಿ, ಕೈ ತೊಳೆದುಕೊಂಡು ಬನ್ನಿ. ನಾಳೆ ನಿಮ್ಮ ಹಿತ್ತಲಲ್ಲಿ ಬೋರು ಹಾಕಿಸುತ್ತೀರಂತಲ್ಲ. ಸಾರು ನಾನೇ ಮಾಡಿದ್ದೇನೆ. ಹೇಗಿದೆ ಅಂತ ಯೋಚನೆ ಮಾಡಿ ಹೇಳಿ.