ಹೊಳೆ ದಾಟುವ ದೃಶ್ಯ

ಫೆಬ್ರವರಿ ಹನ್ನೊಂದು, ಮಂಗಳವಾರ. ಮೋಡವಿರಲಿಲ್ಲ, ಒಣಗಾಳಿ ಬೀಸುತ್ತಿತ್ತು.

ಕಾದಂಬರಿಕಾರ ನೇಮಿರಾಜ ತನ್ನ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ನನ್ನ ಸಾಹಸ ಕಾದಂಬರಿಯನ್ನು ಸಿನಿಮಾ ಮಾಡಿ ಕೆಡಿಸಿದರು. ಈಗ ಆ ನಿರ್ದೇಶಕ, ತನ್ನ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ನೋಡಿ ಎಂದು ಕರೆದಿದ್ದಾನೆ. ಸಂಜೆಯೊಳಗೆ ಉತ್ತರ ಹೇಳಬೇಕು. ಹಳಸಿದ ಅನ್ನವನ್ನು ಎರಡನೆಯ ಸಲ ಮೂಸಬೇಕೆ?"

"ಮೂಸಿದವನೊಬ್ಬನಿದ್ದ, ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಲೇಖಕ. ಅವನು ಬರೆದ ಕಾದಂಬರಿಯನ್ನು ಜನ ಊಟ ಮರೆತು ಓದಿದರು. ಕಳ್ಳಸಾಗಣೆಯವರ ಕೈಯಿಂದ ತಪ್ಪಿಸಿಕೊಂಡ ನಾಯಕ, ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟುವ ಹನ್ನೆರಡು ಪುಟಗಳೇ ಅದರ ಜೀವ. ನಾಯಕ ಸೆಳವನ್ನು ಸೀಳಿಕೊಂಡು, ಬಿಟ್ಟ ಬಾಣದಂತೆ ನೆಟ್ಟಗೆ ಎದುರು ದಡ ಸೇರುತ್ತಾನೆ. ಲೇಖಕ ಹರಿಗೋಲನ್ನು ಚಿತ್ರಪಟದಲ್ಲಿ ಮಾತ್ರ ನೋಡಿದ್ದ.

ಒಬ್ಬ ನಿರ್ದೇಶಕ ಅದನ್ನು ಸಿನಿಮಾ ಮಾಡಲು ಬಂದ. ಅದು ಅವನ ಮೊದಲ ಸಿನಿಮಾ. ಲೇಖಕ ಒಂದೇ ಷರತ್ತು ಹಾಕಿದ. "ಬೇರೆ ಏನನ್ನಾದರೂ ಬದಲಿಸಿಕೊ. ಹೊಳೆಯ ಪುಟಗಳು ಮಾತ್ರ ನಾನು ಬರೆದ ಹಾಗೆಯೇ ಬರಬೇಕು." ನಿರ್ದೇಶಕ ಮಾತು ಕೊಟ್ಟ.

ಮೊದಲ ಪ್ರದರ್ಶನಕ್ಕೆ ಲೇಖಕ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದ. ತೆರೆಯ ಮೇಲೆ ನಾಯಕ ಈ ದಡದಲ್ಲಿ ಹರಿಗೋಲು ಹತ್ತಿದ; ಮರುಕ್ಷಣ ಆ ದಡದಲ್ಲಿ ನಿಂತು ಅಂಗಿ ಹಿಂಡುತ್ತಿದ್ದ. ನಡುವೆ ಹೊಳೆಯೇ ಇಲ್ಲ. ಜನ ಗೊಳ್ಳೆಂದು ನಕ್ಕರು. ಲೇಖಕ ಎದ್ದು ಹೊರಗೆ ಬಂದ.

ಅಂದಿನಿಂದ ಸಭೆ ಸಿಕ್ಕರೆ ಸಾಕು, "ನಮ್ಮ ನಾಯಕ ಹೊಳೆ ದಾಟಿದ್ದು ಹರಿಗೋಲಿನಲ್ಲಲ್ಲ ಸ್ವಾಮಿ, ಸಂಕಲನಕಾರನ ಹೆಗಲ ಮೇಲೆ!" ಎನ್ನುತ್ತಿದ್ದ. ಮಾತು ಊರೂರು ಸುತ್ತಿತು. ನಿರ್ದೇಶಕನಿಗೆ ಎರಡನೆಯ ಸಿನಿಮಾ ಸಿಗಲಿಲ್ಲ. ಅವನು ಎಲ್ಲಿಯೂ ಎದುರಾಡಲಿಲ್ಲ. ಹಾಗೆಯೇ ಒಂದು ದಿನ ತೀರಿಕೊಂಡ.

ಇಪ್ಪತ್ತೆರಡು ವರ್ಷಗಳ ಮೇಲೆ, ಸಿನಿಮಾ ತೆಗೆದ ಹೊಳೆದಂಡೆಯ ಊರಿನವರು ಒಂದು ಮಧ್ಯಾಹ್ನ ಅದನ್ನು ಮತ್ತೆ ತೋರಿಸಿದರು. ಲೇಖಕನನ್ನೂ ಕರೆದರು. ಹಳೆಯ ನಗೆಮಾತನ್ನು ಇನ್ನೊಮ್ಮೆ ಆಡಬಹುದೆಂದು ಅವನು ಹೋದ.

ನೋಡುತ್ತ ನೋಡುತ್ತ ಅವನಿಗೆ ಇರುಸುಮುರುಸಾಯಿತು. ಸಿನಿಮಾ ಅಷ್ಟು ಕೆಟ್ಟದಾಗಿರಲಿಲ್ಲ. ಖಳನಾಯಕ ಕಡಲೆಕಾಯಿ ಸುಲಿಯುತ್ತ ಕಾಯುವ ಒಂದು ದೃಶ್ಯವಂತೂ ತಾನು ಬರೆದದ್ದಕ್ಕಿಂತ ಮೇಲಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹೊಳೆ ದಾಟುವ ಜಾಗ ಬಂದಾಗ ಮಾತ್ರ ತನ್ನ ನಗೆಮಾತನ್ನು ಗಟ್ಟಿಯಾಗಿ ಆಡಿದ.

ಯಾರೂ ನಗಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಮುದುಕ ಅಂಬಿಗ ಅವನತ್ತ ತಿರುಗಿದ. "ಇದನ್ನ ಬರದೋರು ನೀವೇ ಏನ್ರಿ?"

"ನಾನೇ."

"ಶಾಣ್ಯಾರಿದ್ದೀರಿ ಬಿಡ್ರಿ. ಹೊಳಿ ತುಂಬಿದಾಗ ಹರಿಗೋಲು ಯಾರಾದ್ರೂ ನೆಟ್ಟಗ ಬಿಡ್ತಾರೇನ್ರಿ? ದಂಡಿಗುಂಟ ಮ್ಯಾಲಕ್ಕ ಹೊತ್ಕೊಂಡು ಹೋಗಿ ಅಲ್ಲಿ ನೀರಿಗೆ ಇಳಿಸ್ತೀವಿ. ಹೊಳಿನೇ ಓರೆಯಾಗಿ ಆ ದಂಡಿಗೆ ಒಯ್ದು ಬಿಡ್ತೈತಿ. ಸೆಳವಿಗೆ ಅಡ್ಡ ಬಿಟ್ರ ಮಗಚ್ತೈತ್ರಿ. ನನ್ನ ತಮ್ಮ ಶೂಟಿಂಗ್ ದಿನ ನಾಯಕನ ಬಟ್ಟಿ ಹಾಕ್ಕೊಂಡು ಹುಟ್ಟು ಹಿಡಿದಿದ್ದ. ಹಿಂಗ ಬ್ಯಾಡ್ರಿ ಅಂತ ಅವನೂ ಹೇಳಿದ. ಡೈರೆಕ್ಟರು, ಬರದೋರಿಗೆ ಮಾತು ಕೊಟ್ಟೀನಿ ಅಂದ್ರು."

"ಹಾಗಾದರೆ ಆ ದೃಶ್ಯವನ್ನು ಚಿತ್ರೀಕರಿಸಿದ್ದರೇ?" ಎಂದು ಲೇಖಕ ಕೇಳಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

"ಅಂಬಿಗ ಏನೆಂದ, ಗುರುಗಳೇ?"

"ಬರೆದ ಹಾಗೆಯೇ ಒಂದು ಸಲ ತೆಗೆದರಂತೆ, ಅದರಲ್ಲಿ ಅಂಬಿಗನ ತಮ್ಮ ಮುಳುಗಿ ಸಾಯುವುದು ಕಾಣುತ್ತದೆಂದು ನಿರ್ದೇಶಕ ಅದನ್ನು ಯಾರಿಗೂ ತೋರಿಸಲಿಲ್ಲ."